ಒಂದಳತೆ ಚಿಕ್ಕ ಬಳೆ

ನಮ್ಮೂರಲ್ಲಿ ಅಂಗಡಿ ತೆರೆದವನು ತೀರಿಕೊಂಡ ಮೇಲೆ ಅವನ ಗಾದಿಯ ಮೇಲೆ ಯಾರೇ ಕೂತರೂ, ಅಂದು ದೀಪ ಹಚ್ಚುವ ಹೊತ್ತಿಗೆ ಅವರ ಸ್ವಂತ ದನಿ ಹೋಗಿ ತೀರಿಕೊಂಡವನ ದನಿ ಬರುತ್ತದೆ. ಯಾಕೆ ಹೀಗೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಮಾತ್ರ ಬರುತ್ತದೆ ಎಂಬುದನ್ನು ಒಪ್ಪಿಕೊಂಡ ಹಾಗೆ ಇದನ್ನೂ ಒಪ್ಪಿಕೊಂಡು, ಅದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡವರೇ ಎಲ್ಲರೂ. ದನಿಯ ಜೊತೆಗೆ ಹೆಸರೂ ಬರುತ್ತದೆ. ಗಾದಿ ಏರಿದವನನ್ನು ಊರು ಮರುದಿನದಿಂದ ಅಂಗಡಿ ತೆರೆದವನ ಹೆಸರಿನಿಂದಲೇ ಕರೆಯುತ್ತದೆ. ಹೆತ್ತವಳು ಕೂಡ ನಾಲ್ಕು ಜನರ ಎದುರು ಹಾಗೆಯೇ ಕರೆಯಬೇಕು.

ಎಣ್ಣೆ ಅಂಗಡಿ ತೆರೆದವನಿಗೆ ಉಗ್ಗು ಇತ್ತಂತೆ. ಆದ್ದರಿಂದ ಆ ಮನೆಯಲ್ಲಿ ಮೂರನೆಯ ತಲೆಮಾರೂ ಉಗ್ಗುತ್ತದೆ, ಗಿರಾಕಿಗಳು ಅವಸರ ಮಾಡದೆ ಕಾಯುತ್ತಾರೆ. ತಾಮ್ರದ ಪಾತ್ರೆ ಅಂಗಡಿಯ ವೀರಭದ್ರಪ್ಪನಿಗೆ ಈಗ ಇಪ್ಪತ್ತೆಂಟು ವರ್ಷ, ಆದರೆ ಗಂಟಲಿನಲ್ಲಿ ಎಂಬತ್ತರ ಗೂರಲು. ಅವನ ಹೆಂಡತಿಗೆ ಮದುವೆಯಲ್ಲೇ ತವರಿನವರು ಹೇಳಿ ಕಳಿಸಿದ್ದರು: ಗಂಡ ಮಾತಾಡುವಾಗ ಮುಖ ನೋಡುತ್ತಿರು, ಕಣ್ಣು ಮುಚ್ಚಬೇಡ ಎಂದು. ಹಿಟ್ಟಿನ ಗಿರಣಿಯವನೊಬ್ಬನೇ ಪುಣ್ಯವಂತ. ಗಿರಣಿ ಹಾಕಿದ ಅವನಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದಾನೆ.

ನಮ್ಮದು ಬಳೆ ಅಂಗಡಿ, ಊರಿಗೆಲ್ಲ ಒಂದೇ. ತೆರೆದವರು ನನ್ನ ಅಜ್ಜನ ಅಪ್ಪ ಬಸಲಿಂಗಪ್ಪ. ಅವರ ದನಿ ಬೆಲ್ಲದ ಪಾಕದ ಹಾಗೆ, ದಪ್ಪ, ನಿಧಾನ, ಎಲ್ಲೂ ತುಂಡಾಗದ ದನಿ. ಬಳೆ ಇಡಿಸುವವರಿಗೆ ದನಿಯೇ ಅರ್ಧ ಬಂಡವಾಳ. ಹೆದರಿ ಬಿಗಿ ಹಿಡಿದ ಕೈಗೆ ಬಳೆ ಏರುವುದಿಲ್ಲ, ಒತ್ತಿದರೆ ಒಡೆಯುತ್ತದೆ, ಒಡೆದರೆ ಅಪಶಕುನ. ಬಸಲಿಂಗಪ್ಪನವರು “ಸಡ್ಲ ಬಿಡು ತಂಗೀ, ಕೈ ನಿಂದಲ್ಲ ಅಂದ್ಕೋ” ಎನ್ನುತ್ತಿದ್ದಂತೆ ಎಂಥವಳ ಕೈಯೂ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತಿತ್ತಂತೆ. ಮೂಳೆಗಳು ತಾವಾಗಿಯೇ ಒಂದರೊಳಗೊಂದು ಸರಿದುಕೊಂಡು ದಾರಿ ಬಿಡುತ್ತಿದ್ದವು. ನಮ್ಮ ಅಂಗಡಿಯಲ್ಲಿ ನೂರು ವರ್ಷ ಒಂದು ಬಳೆಯೂ ಒಡೆದಿಲ್ಲ ಎಂದು ಊರವರು ಬೇರೆ ಊರಿಗೆ ಹೋದಾಗ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಆ ದನಿಯ ಬಲದ ಮೇಲೆ ಬಸಲಿಂಗಪ್ಪನವರು ಒಂದು ಪದ್ಧತಿ ಹಾಕಿದ್ದರು. ಯಾವ ಕೈಗೂ ಅದರ ಅಳತೆಯ ಬಳೆ ಇಡಿಸುತ್ತಿರಲಿಲ್ಲ, ಒಂದಳತೆ ಚಿಕ್ಕದನ್ನೇ ಇಡಿಸುತ್ತಿದ್ದರು. ಎರಡು-ಆರು ಹಿಡಿಯುವ ಕೈಗೆ ಎರಡು-ನಾಲ್ಕು. ಬಳೆ ಮೈಗೆ ಅಂಟಿದಂತೆ ಕೂರಬೇಕು, ಸಪ್ಪಳ ಮಾಡಬಾರದು, ಜಾರಬಾರದು, ಇದೇ ಅವರ ಹೆಚ್ಚುಗಾರಿಕೆ. ಏರಿದ ಬಳೆ ಮತ್ತೆ ಇಳಿಯುತ್ತಿರಲಿಲ್ಲ. ಇಳಿಸಬೇಕೆಂದರೆ ಒಡೆಯಬೇಕು. ಬೇಸಿಗೆಯಲ್ಲಿ ಕೈ ಬಾತುಕೊಂಡಾಗ ನಮ್ಮೂರ ಹೆಂಗಸರು ಮಧ್ಯಾಹ್ನ ಕಟ್ಟೆಯ ಮೇಲೆ ಸಾಲಾಗಿ ಕೂತು, ಮುಂಗೈಗಳನ್ನು ತಣ್ಣೀರಿನ ಕೊಡದಲ್ಲಿ ಮುಳುಗಿಸಿಕೊಂಡು ಹರಟೆ ಹೊಡೆಯುತ್ತಿದ್ದರು. ಅದು ಹರಟೆಯ ರೀತಿಯೆಂದೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಮುಂಗೈಯ ಮೇಲೆ ತಗ್ಗು ಬಿದ್ದ ಗೆರೆ ಕಂಡರೆ ಸಾಕು, ಜಾತ್ರೆ ಸಂತೆಗಳಲ್ಲಿ ಜನ ಇವಳು ಇಂಥ ಊರಿನವಳೆಂದು ಗುರುತು ಹಿಡಿಯುತ್ತಿದ್ದರು.

ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅವ್ವ ಸಂಗವ್ವನಿಗೆ ಇಪ್ಪತ್ತಾರು. ಅವಳ ಕೈಯಲ್ಲಿದ್ದದ್ದು ಅಪ್ಪನೇ ಇಡಿಸಿದ ಬಳೆ, ಒಂದಳತೆ ಚಿಕ್ಕವು. ಹಿರಿಯರು ಕಲ್ಲಿನಿಂದ ಒಡೆದರು. ಎಡ ಮುಂಗೈಯಲ್ಲಿ ಮೂರು ಕಡೆ ಗಾಜು ಹೊಕ್ಕಿತು. ಹನ್ನೊಂದನೆಯ ದಿನ, ಆ ಗಾಯ ಒಣಗುವ ಮೊದಲೇ ಅದೇ ಕೈ ಹಿಡಿದು ಅವಳನ್ನು ಗಾದಿಯ ಮೇಲೆ ಕೂರಿಸಿದರು. ಮನೆಯಲ್ಲಿ ಗಂಡು ದಿಕ್ಕಿರಲಿಲ್ಲ, ಊರಿಗೆ ಬಳೆ ಬೇಕಿತ್ತು. ದೀಪ ಹಚ್ಚಿದ ಮೇಲೆ ಅವ್ವ ನೀರು ಕೇಳಿದಳಂತೆ. ಕೇಳಿದ್ದು ಬಸಲಿಂಗಪ್ಪನ ದನಿಯಲ್ಲಿ.

ಗಂಡ ಸತ್ತವಳು ಮದುಮಗಳಿಗೆ ಬಳೆ ಇಡಿಸುವುದು ಎಲ್ಲಿಯಾದರೂ ಉಂಟೇ? ಆದರೆ ನಮ್ಮೂರವರು ಇದಕ್ಕೂ ದಾರಿ ಕಂಡುಕೊಂಡರು. ಇಡಿಸುವವನು ಬಸಲಿಂಗಪ್ಪ, ಸಂಗವ್ವನಲ್ಲ ಎಂದರು. ಅಂಗಡಿಗೆ ಬಂದವರು ಅವ್ವನ ಮುಂದೆ ಕೂತು, ಕೈ ಚಾಚಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿದರೆ ಬೋಳು ಮುಂಗೈ ಕಾಣುವುದಿಲ್ಲ, ದನಿಯೊಂದೇ ಇರುತ್ತದೆ. ಬಳೆ ಮುಗಿದ ಮೇಲೆ ನಮಸ್ಕಾರ ಮಾಡಿ ಎದ್ದು ಹೋಗುತ್ತಿದ್ದರು. ಅದೇ ಹೆಂಗಸರು ಓಣಿಯಲ್ಲಿ ಬೆಳಿಗ್ಗೆ ಎದುರು ಬಂದರೆ ಅವ್ವನನ್ನು ಕಂಡು ಪಕ್ಕಕ್ಕೆ ಸರಿಯುತ್ತಿದ್ದರು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಆಗ ಬರುತ್ತಿರಲಿಲ್ಲ.

ಯಾಕೆಂದರೆ ಆ ದನಿಯಿಂದ ನನಗೆ ಒಂದು ಲಾಭವಿತ್ತು. ಅಪ್ಪನೂ ಮಾತಾಡಿದ್ದು ಬಸಲಿಂಗಪ್ಪನ ದನಿಯಲ್ಲೇ. ಅವನ ಬೇರೆ ದನಿಯನ್ನು ನಾನು ಕೇಳಿರಲಿಲ್ಲ. ಅಪ್ಪ ಸತ್ತು ಹನ್ನೊಂದು ದಿನ ಮನೆಯಲ್ಲಿ ಆ ದನಿ ಇರಲಿಲ್ಲ, ಆಮೇಲೆ ಮತ್ತೆ ಬಂತು. ಅಪ್ಪ ಅವ್ವನೊಳಗೆ ಅಡಗಿ ಕೂತಿದ್ದಾನೆ ಎಂದು ನಾನು ನಂಬಿದೆ. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿ, “ಏನರ ಹೇಳು” ಎಂದು ಪೀಡಿಸುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಬೇಸರವಿಲ್ಲದೆ ಹೇಳುತ್ತಿದ್ದಳು, ಅಪ್ಪನಾಗಿ. ಅವಳ ಸ್ವಂತ ದನಿ ಹೇಗಿತ್ತೆಂಬುದು ನನಗೆ ನೆನಪಿರಲಿಲ್ಲ, ಕೇಳಬೇಕೆಂದು ಹೊಳೆದಿರಲೂ ಇಲ್ಲ.

ಇಪ್ಪತ್ತಾರು ವರ್ಷ ಕಳೆಯಿತು. ಅವ್ವನ ಬೆರಳಿನ ಗಂಟುಗಳು ಊದಿಕೊಂಡವು, ಬಳೆಗಳನ್ನು ಗೊಂಚಲಾಗಿ ಕಟ್ಟಿದ ಮಲಾರದ ದಾರ ಬಿಚ್ಚುವುದೂ ಕಷ್ಟವಾಯಿತು. ಇನ್ನು ನಾನು ಕೂರಬೇಕೆಂದು ಊರವರೇ ದಿನ ನೋಡಿದರು. ನನಗೆ ಮೂವತ್ತು ತುಂಬಿತ್ತು, ಮದುವೆಯಾಗಿರಲಿಲ್ಲ. ನಾಳೆ ಗಂಡಸಿನ ದನಿ ಬರುವ ಹುಡುಗಿಯನ್ನು ಕೇಳಿಕೊಂಡು ಬಂದವರು ಇಬ್ಬರೇ, ಚಹಾ ಕುಡಿದು ಹೋದವರು ತಿರುಗಿ ನೋಡಲಿಲ್ಲ. ನನಗೆ ಅದರ ದುಃಖವೂ ಅಷ್ಟಾಗಿ ಇರಲಿಲ್ಲ. ಗಾದಿ ಏರುವುದು ನಮ್ಮ ಮನೆಯಲ್ಲಿ ಹುಟ್ಟಿದವರ ಕೆಲಸ, ಏರಿದರಾಯಿತು ಎಂದುಕೊಂಡಿದ್ದೆ. ಮೇಲಾಗಿ ಆ ದನಿ ನನ್ನ ಗಂಟಲಿಗೇ ಬಂದರೆ ಅಪ್ಪ ನನ್ನ ಜೊತೆಗೇ ಇದ್ದ ಹಾಗೆ ಎಂಬ ಆಸೆಯೂ ಒಳಗೊಳಗೆ ಇತ್ತು.

ಹಿಂದಿನ ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವ್ವ ಗಾದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

“ಕಸ್ತೂರಿ, ಏನರ ಮಾತಾಡು,” ಅಂದಳು.

“ಏನ ಮಾತಾಡ್ಲಿ?”

“ಏನರ ಆಗ್ಲಿ. ನೀ ಮಾತಾಡು, ನಾ ಕೇಳ್ತೀನಿ.”

ಹಿಂದಿನ ಓಣಿಯ ಎಮ್ಮೆಕರು ಅಂಚೆ ಕಚೇರಿಗೆ ನುಗ್ಗಿ ಮನಿಯಾರ್ಡರ್ ಫಾರಂ ತಿಂದ ಕಥೆ ಹೇಳಿದೆ. ಅದು ಮುಗಿದ ಮೇಲೆ ಹೇಳಲು ಏನೂ ತೋಚದೆ ಕಪಾಟಿನ ಪೆಟ್ಟಿಗೆಗಳ ಮೇಲೆ ಬರೆದದ್ದನ್ನೇ ಓದುತ್ತ ಹೋದೆ. ಹಸಿರು ಎರಡು-ನಾಲ್ಕು, ಕೆಂಪು ಎರಡು-ನಾಲ್ಕು, ಚಿಕ್ಕಿ ಬಳೆ ಎರಡು-ಆರು. ಹಿಂದಿನಿಂದ ಏನೋ ಸದ್ದಾಯಿತು. ತಿರುಗಿದರೆ ಅವ್ವ ಅಳುತ್ತಿದ್ದಾಳೆ. ಬರುತ್ತಿದ್ದದ್ದು ಮುದುಕನೊಬ್ಬನ ಅಳು. ಅತ್ತರೂ ಬಸಲಿಂಗಪ್ಪನೇ ಅಳುತ್ತಾನೆಂದು ಅವಳು ಅಷ್ಟು ವರ್ಷ ನಮ್ಮೆದುರು ಅಳುವನ್ನೇ ನುಂಗಿಕೊಂಡಿದ್ದಳೆಂದು ಆಗ ನನಗೆ ತಿಳಿಯಿತು.

“ನಾಳಿಗೆ ನೀ ಗಾದಿ ಏರಬ್ಯಾಡ,” ಅಂದಳು.

“ಮತ್ತ ಅಂಗಡಿ?”

“ಅಂಗಡಿ ಇರ್ತೈತಿ.”

“ದನಿ ಇಲ್ಲದ ಅದು ಹೆಂಗ ಇರ್ತೈತವ್ವಾ? ಕೈ ಯಾರು ಸಡ್ಲ ಬಿಡ್ತಾರ?”

“ನಿಮ್ಮಪ್ಪನ ದನಿ ಹೋಗೂದು ನೋಡೀನಿ. ನಂದು ಹೋತು. ನಾ ಹೆತ್ತ ದನಿನೂ ಹೋಗೂದು ನೋಡಾಕ ನನ್ನ ಕೈಲೆ ಆಗೂದಿಲ್ಲ.”

ಆಗ ಮೊದಲ ಸಲ ಕೇಳಿದೆ. “ಅಪ್ಪನ ಸ್ವಂತ ದನಿ ಹೆಂಗಿತ್ತವ್ವಾ?”

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಮದಿವ್ಯಾದ ಹೊಸದಾಗ ಎಂಟ ತಿಂಗಳ ಕೇಳಿದ್ದೆ. ಆಮ್ಯಾಲೆ ನಮ್ಮ ಮಾವ ತೀರಿಕೊಂಡ್ರು, ಇವ್ರು ಗಾದಿ ಏರಿದ್ರು. ನೆನಪೈತಿ ಅಂತ ತಿಳಿದಿದ್ದೆ. ಇಲ್ಲ ಬಿಡು, ಮರ್ತೀನಿ.”

“ನಿಂದು?”

“ನಂದ ಯಾರ ನೆನಪಿಡ್ತಾರ?” ಅಂದಳು.

ಮರುದಿನ ಬೆಳಿಗ್ಗೆ ನಾನು ಎದ್ದು ಅಂಗಡಿಗೆ ಬರುವಷ್ಟರಲ್ಲಿ ಅವ್ವ ಗಾದಿ ಸುತ್ತಿ, ಮಲಾರದ ದಾರದಿಂದ ಬಿಗಿದು, ಮೂಲೆಗೆ ನಿಲ್ಲಿಸಿದ್ದಳು. ಗಾದಿ ಇದ್ದ ಕಡೆ ಒಂದು ಸಾದಾ ಚಾಪೆ. ಸುತ್ತಿಟ್ಟ ಗಾದಿಯ ದನಿ ಮೂರು ದಿನದಲ್ಲಿ ಹೋಗುತ್ತದೆಂದು ಊರಲ್ಲಿ ಮಾತಿತ್ತು, ಆದರೆ ನೋಡಿದವರು ಯಾರೂ ಇರಲಿಲ್ಲ. ಗಾದಿ ಸುತ್ತಿದ ಅಂಗಡಿಯೆಂದರೆ ಸತ್ತ ಅಂಗಡಿ, ಅಂಥ ಕೆಲಸ ಯಾರು ಮಾಡುತ್ತಾರೆ? ಅವ್ವ ನನ್ನ ಮುಖ ನೋಡಿ, “ಬಾಗ್ಲಾ ಪೂರಾ ತೆಗಿ, ಗಾಳಿ ಬರ್ಲಿ,” ಅಂದಳು. ಆ ದನಿಯಲ್ಲಿ ಅವಳು ಆಡಿದ ಕೊನೆಯ ಮಾತು ಅದು. ಆಮೇಲೆ ತುಟಿ ಬಿಚ್ಚಲಿಲ್ಲ. ಸಾಲದ ದನಿಯಲ್ಲಿ ಇನ್ನೊಂದು ಮಾತೂ ಬೇಡವೆಂದು ಅವಳ ಹಟವಿರಬೇಕು.

ಸುದ್ದಿ ತಿಳಿದು ಮಧ್ಯಾಹ್ನದ ಹೊತ್ತಿಗೆ ತಾಮ್ರದ ಅಂಗಡಿಯ ವೀರಭದ್ರಪ್ಪ ಬಂದ. ಊರಿನ ದನಿಗಳಲ್ಲೆಲ್ಲ ಅವನದೇ ಹಳೆಯದು, ಹಾಗಾಗಿ ಅಂಗಡಿಕಾರರ ಪರವಾಗಿ ಮಾತಾಡುವ ಹೊಣೆ ಆ ಇಪ್ಪತ್ತೆಂಟರ ಹುಡುಗನ ತಲೆಯ ಮೇಲೆ ಬಿದ್ದಿತ್ತು. ಸುತ್ತಿಟ್ಟ ಗಾದಿಯನ್ನು ಕಂಡು ಎರಡು ಸಲ ಕೆಮ್ಮಿದ.

“ಬಸಲಿಂಗಪ್ಪಾ, ಇದೇನ ಮಾಡಿದಿ? ಗಿರಾಕಿ ಬರೂದು ಬಳಿ ಸಂಬಂಧ ಅಲ್ಲ, ದನಿ ಸಂಬಂಧ. ಇಂದ ನೀ ಸುತ್ತಿಟ್ಟಿ, ನಾಳೆ ಇನ್ನೊಬ್ಬ ಸುತ್ತಿಡ್ತಾನ. ಊರಾಗ ಒಂದ ಅಂಗಡಿ ಉಳಿತೈತೇನು?”

ಅವ್ವ ಅವನ ಮುಂದೆ ಚಹಾ ಇಟ್ಟಳು. ಅವನು ಇನ್ನೂ ಸ್ವಲ್ಪ ಹೊತ್ತು ಬೈದು, ಚಹಾ ಕುಡಿದು ಎದ್ದ. ಹೊಸ್ತಿಲ ಹತ್ತಿರ ನಿಂತು ಓಣಿಯ ಎರಡೂ ಕಡೆ ನೋಡಿ ನನ್ನನ್ನು ಕರೆದ.

“ಕಸ್ತೂರಕ್ಕಾ, ಖರೇನ ಮೂರ ದಿನದಾಗ ಹೋಗತೈತೇನ್ರಿ?”

“ಹಂಗಂತಾರಪ್ಪಾ. ನೋಡಿದವರಿಲ್ಲ.”

“ಹೋತಂದ್ರ ನನಗೊಂದ ಮಾತ ಹೇಳ್ರಿ. ನನ್ನ ಮಗಳಿಗೆ ಎರಡ ವರ್ಷ. ನಾ ಬಾಯಿ ತೆಗದ್ರ ಅಂಜಿ ಅಳತಾಳ,” ಅಂದು ಸರಸರನೆ ಹೋದ.

ಮೂರು ದಿನ ಕಳೆಯಿತು, ನಾಲ್ಕನೆಯದೂ ಬಂತು. ಅವ್ವ ಬಾಯಿ ಬಿಡಲಿಲ್ಲ. “ಈಗರ ಮಾತಾಡವ್ವಾ,” ಎಂದು ಗೋಗರೆದೆ. ಅವಳು ಸೀಮೆಸುಣ್ಣ ತೆಗೆದುಕೊಂಡು ಖಾಲಿ ಪೆಟ್ಟಿಗೆಯ ಬೆನ್ನಿಗೆ ಬರೆದಳು: ‘ಒಳಗೆ ಏನೂ ಇರದಿದ್ದರೆ?’ ಹೋದ ದನಿ ಮರಳಿ ಬರುತ್ತದೆಂದು ಯಾರು ಕಂಡಿದ್ದಾರೆ? ಬಸಲಿಂಗಪ್ಪ ಹೋಗಿ ಅವ್ವ ಮೂಕಿಯಾಗಿಯೇ ಉಳಿದರೆ? ಆ ನಾಲ್ಕು ದಿನ ಮನೆಯಲ್ಲಿ ಮಾತಾಡಿದವಳು ನಾನೊಬ್ಬಳೇ. ನಾನು ಮಾತಾಡುವಾಗೆಲ್ಲ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗುತ್ತಿದ್ದಳು. ನಾನಂತೂ ಅಪ್ಪನಿಗಾಗಿ ಎರಡನೆಯ ಸಲ ಅತ್ತೆ, ಹಿತ್ತಲಿಗೆ ಹೋಗಿ, ಅವಳಿಗೆ ಕೇಳದ ಹಾಗೆ.

ಅಂಗಡಿಗೆ ಒಂದು ನೊಣವೂ ಬರಲಿಲ್ಲ. ಬರುವವರಿದ್ದದ್ದು ಒಂದೇ ಮನೆಯವರು. ಮೇಲಿನ ಓಣಿಯ ಗುರುಸಿದ್ದವ್ವನ ಮೊಮ್ಮಗಳು ದಾಕ್ಷಾಣಿಯ ಮದುವೆ ಹತ್ತಿರ ಬಂದಿತ್ತು, ಬಳೆ ಇಡಿಸುವ ದಿನ ತಿಂಗಳ ಹಿಂದೆಯೇ ಗೊತ್ತಾಗಿತ್ತು. ಊರಲ್ಲಿ ಬೇರೆ ಬಳೆ ಅಂಗಡಿ ಇದ್ದರೆ ಗುರುಸಿದ್ದವ್ವ ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಐದಾರು ಹೆಂಗಸರನ್ನು ಕಟ್ಟಿಕೊಂಡು ಬಂದು ಹೊಸ್ತಿಲಾಚೆಯೇ ನಿಂತಳು.

“ಕಸ್ತೂರಿ, ನೀ ಇಡಸು,” ಅಂದಳು. “ನಿಮ್ಮವ್ವ ಕೈ ಹಚ್ಚಬಾರದು. ಬಸಲಿಂಗಪ್ಪ ಇದ್ದಾಗಿನ ಮಾತ ಬ್ಯಾರೆ.”

ಅವ್ವ ಕಪಾಟಿನ ಪಕ್ಕದ ಮೂಲೆಗೆ ಸರಿದು ನಿಂತಳು. ನಾನು ಅವಳ ಮುಖ ನೋಡಿದೆ. ಇಡಿಸು ಎಂದು ಕಣ್ಣಿನಲ್ಲೇ ಹೇಳಿದಳು.

ದಾಕ್ಷಾಣಿ ಚಾಪೆಯ ಮೇಲೆ ಕೂತು, ಕೈ ಚಾಚಿ, ರೂಢಿಯಂತೆ ಕಣ್ಣು ಮುಚ್ಚಿಕೊಂಡಳು. ಇಪ್ಪತ್ತರ ಹುಡುಗಿ, ಅಗಲ ಅಂಗೈ, ಎರಡು-ಆರು ಹಿಡಿಯುವ ಕೈ. ಈಗ ಹೇಳಿದರೆ ನಗು ಬರುತ್ತದೆ. ಗಾದಿ ಸುತ್ತಿಟ್ಟಾಗಿದೆ, ದನಿ ಹೋಗಿದೆ, ಆದರೂ ನನ್ನ ಕೈ ತಾನಾಗಿಯೇ ಹೋಗಿ ಎರಡು-ನಾಲ್ಕರ ಪೆಟ್ಟಿಗೆ ತೆಗೆಯಿತು. ಬೇರೆ ಅಳತೆ ಇಡಿಸಬಹುದೆಂದು ನನಗೆ ಹೊಳೆಯಲೇ ಇಲ್ಲ. ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹಸಿರು ಬಳೆಯೊಂದನ್ನು ಅವಳ ಬೆರಳುಗಳ ಮೇಲೆ ತಂದು, “ಸಡ್ಲ ಬಿಡು ತಂಗೀ, ಕೈ ನಿಂದಲ್ಲ ಅಂದ್ಕೋ,” ಅಂದೆ. ನನ್ನ ಬಾಯಲ್ಲಿ ಆ ಮಾತು ಕದ್ದ ಮಾಲಿನ ಹಾಗೆ ಕೇಳಿತು. ಹುಡುಗಿಯ ಕೈ ಕಟ್ಟಿಗೆಯಾಯಿತು. ಒತ್ತಿದೆ. ಬಳೆ ಗಂಟಿನ ಹತ್ತಿರ ಬಂದು ಚಟ್ಟನೆ ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದರ ಚೂರು ಹೆಬ್ಬೆರಳ ಬುಡದಲ್ಲಿ ಹೊಕ್ಕು ರಕ್ತ ಬಂತು.

ಹೆಂಗಸರು ಬಾಯಿಗೆ ಸೆರಗು ಹಿಡಿದರು. “ಮೂರಾತು! ಮೂರಾತಲ್ಲೋ ಶಿವನ! ಏಳು, ದಾಕ್ಷಾಣಿ, ಮೊದಲ ಏಳು,” ಎಂದು ಗುರುಸಿದ್ದವ್ವ ಕೂಗಿಕೊಂಡಳು. ಹುಡುಗಿ ಏಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಕೆಳತುಟಿ ಕಚ್ಚಿ, ಉಸಿರೆತ್ತದೆ ಕೂತಿದ್ದಳು.

“ನೋವಾಗತೈತೇನವ್ವಾ?”

ಯಾರೋ ಹೊಸ ಗಿರಾಕಿ ಬಂದಳೆಂದು ನಾನು ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೆಂಗಸರೆಲ್ಲ ಮೂಲೆಯ ಕಡೆ ತಿರುಗಿದ್ದರು. ಅವ್ವ ಅಲ್ಲಿಂದ ಬಂದು ಹುಡುಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ನಿನ್ನ ಕೇಳಾಕತ್ತೀನಿ. ನೋವಾಗತೈತೇನು?” ತೆಳ್ಳನೆಯ ದನಿ, ಬಳಸದೆ ಬಿಟ್ಟ ಬಾಗಿಲಿನ ಹಾಗೆ ತೊಡರುತ್ತ ಬಂತು. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಬದುಕಿ, ಹೆತ್ತ ತಾಯಿಯ ದನಿಯನ್ನು ನೆನಪಿರುವಂತೆ ಅಂದೇ ಮೊದಲು ಕೇಳಿದೆ.

ದಾಕ್ಷಾಣಿ ಕಣ್ಣು ತೆರೆದಳು. ಆ ಅಂಗಡಿಯಲ್ಲಿ ನೂರು ವರ್ಷದಲ್ಲಿ ಯಾರೂ ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ. ಅಜ್ಜಿಯ ಮುಖ ನೋಡಿದಳು. “ಇಲ್ಲ ಅನ್ನು,” ಎಂದು ಗುರುಸಿದ್ದವ್ವ ಹಲ್ಲು ಕಚ್ಚಿ ಹೇಳಿದಳು.

“ಹೂಂನ್ರಿ,” ಅಂದಳು ದಾಕ್ಷಾಣಿ. “ಭಾಳ ನೋವಾಗತೈತಿ.” ಹೇಳಿದ ಮೇಲೆಯೇ ಅವಳಿಗೆ ಅಳು ಬಂತು.

“ಕಸ್ತೂರಿ, ಎರಡು-ಆರರ ಪೆಟ್ಟಿಗಿ ತಾ.”

“ಅಷ್ಟ ದೊಡ್ಡವಾ? ಕಳಚಿ ಬೀಳ್ತಾವು!” ಅಂದಳು ಗುರುಸಿದ್ದವ್ವ.

“ಬೀಳೂದಿಲ್ರೀ. ಕಳಚಬೇಕಂದಾಗ ಕಳಚ್ತಾವು, ಅಷ್ಟ.”

“ಮದಿಮಗಳು ಬಳಿ ಯಾಕ ಕಳಚಬೇಕು?”

“ಹಿಟ್ಟ ನಾದುವಾಗ. ಕೂಸಿಗೆ ಎರಿವಾಗ. ಬ್ಯಾಸಗ್ಯಾಗ ಕೈ ಬಾತಾಗ.” ಅವ್ವ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಡಗೈ ಮುಂದೆ ಚಾಚಿ ಮುಂಗೈ ಮೇಲಿನ ಮೂರು ಗಾಯದ ಗುರುತು ತೋರಿಸಿದಳು. “ಅವತ್ತ ಕಳಚಾಕ ಬಂದಿದ್ರ ಇವು ಆಗ್ತಿದ್ದಿಲ್ಲ.”

ಮದುಮಗಳ ಬಳೆಯ ಹೊತ್ತಿನಲ್ಲಿ ಅಂಥ ಮಾತು ಆಡಬಾರದು. ಅವ್ವನಿಗೂ ಗೊತ್ತು. ಹೆಂಗಸರು ನೆಲ ನೋಡಿದರು. ಗುರುಸಿದ್ದವ್ವ ಮಾತ್ರ ಆ ಗುರುತುಗಳನ್ನೇ ನೋಡುತ್ತಿದ್ದಳು. ಅವಳ ಕೈಗಳು ತಾವಾಗಿಯೇ ಸೆರಗಿನೊಳಗೆ ಹೋದವು. ಅವಳ ಬಳೆಗಳು ನಲವತ್ತು ವರ್ಷದಿಂದ ಅವಳ ಮುಂಗೈಯಲ್ಲಿ ಹೂತುಹೋಗಿದ್ದವು.

ನಾನು ಪೆಟ್ಟಿಗೆ ತಂದಿಟ್ಟೆ. ಅವ್ವ ಅದನ್ನು ನನ್ನ ಕಡೆಗೇ ಸರಿಸಿ ಹಿಂದಕ್ಕೆ ಹೋಗಲು ಎದ್ದಳು. ದಾಕ್ಷಾಣಿ ಅವಳ ಸೆರಗು ಹಿಡಿದಳು. “ನಿಮ್ಮ ಹೆಸರೇನ್ರೀ ಅತ್ತಿ?” ಅವಳು ಹುಟ್ಟುವ ಮೊದಲೇ ಅವ್ವ ಬಸಲಿಂಗಪ್ಪನಾಗಿದ್ದಳು, ಅವಳಿಗೆ ಹೇಗೆ ಗೊತ್ತಿರಬೇಕು?

ಅವ್ವ ಅವಳ ಕಡೆ ತಿರುಗಿದಳು. “ಸಂಗವ್ವ.”

“ಸಂಗವ್ವತ್ತಿ, ನೀವ ಇಡಸ್ರಿ.”

ಎಲ್ಲರೂ ಗುರುಸಿದ್ದವ್ವನನ್ನು ನೋಡಿದರು. ಅವಳು ಹೊಸ್ತಿಲು ದಾಟಿ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಮುಖ ಬೇರೆ ಕಡೆ ತಿರುಗಿಸಿ, “ಲಗೂನ ಮುಗಸ್ರಿ, ಮನ್ಯಾಗ ನೂರಾಎಂಟ ಕೆಲಸ ಅದಾವು,” ಅಂದಳು.

ಅವ್ವ ಲಗುಬಗೆ ಮಾಡಲಿಲ್ಲ. ಊದಿದ ಬೆರಳುಗಳಿಂದ ಒಂದೊಂದೇ ಬಳೆ ಹಿಡಿದು, ಪ್ರತಿಯೊಂದಕ್ಕೂ “ನೋವಾತೇನು?” ಎಂದು ಕೇಳುತ್ತಿದ್ದಳು. ಹುಡುಗಿ ಕಣ್ಣು ತೆರೆದುಕೊಂಡೇ, ತನ್ನ ಕೈಗೆ ಬಳೆ ಏರುವುದನ್ನು ನೋಡುತ್ತ, “ಇಲ್ಲ” ಅನ್ನುತ್ತಿದ್ದಳು. ಒಮ್ಮೆ ಮಾತ್ರ “ಸ್ವಲ್ಪ” ಅಂದಳು. ಅವ್ವ ಆ ಬಳೆಯನ್ನು ಹಿಂದೆ ತೆಗೆದು ಬೇರೆಯದನ್ನು ಹಿಡಿದಳು. ಮುಗಿದ ಮೇಲೆ ದಾಕ್ಷಾಣಿ ಎದ್ದು, ಬಗ್ಗಿ, ಅವ್ವನ ಪಾದ ಮುಟ್ಟಿದಳು. ಅವರು ಓಣಿಯಲ್ಲಿ ನಡೆದು ಹೋಗುವಾಗ ಬಳೆ ಘಲಘಲ ಅಂದವು. ನಮ್ಮ ಅಂಗಡಿಯಿಂದ ಹೊರಟ ಬಳೆ ಸಪ್ಪಳ ಮಾಡಿದ್ದನ್ನು ಕೇಳಿ ಎದುರು ಮನೆಯವರು ಹೊರಗೆ ಬಂದು ನೋಡಿದರು.

ಆಮೇಲೆ ಎಲ್ಲ ಸುಸೂತ್ರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಊರು ಇವತ್ತಿಗೂ ಬಸ್ಸು ಹತ್ತಿ ಬೇರೆ ಕಡೆ ಹೋಗಿ ಬಳೆ ಇಡಿಸಿಕೊಂಡು ಬರುತ್ತದೆ. ನಮ್ಮಲ್ಲಿ ಬಳೆ ಒಡೆಯುತ್ತವೆ, ವಾರಕ್ಕೆ ನಾಲ್ಕಾದರೂ. ಆದರೆ ಮದುವೆ ಮುಗಿದ ಎಂಟನೆಯ ದಿನ ಗುರುಸಿದ್ದವ್ವ ಒಬ್ಬಳೇ ಬಂದಳು. ಬಾಗಿಲು ಮುಂದೆ ಮಾಡಿಸಿ, ತನ್ನ ಬಳೆ ಒಡೆಯದೆ ತೆಗೆಯಲು ಆಗುತ್ತದೆಯೇ ಎಂದು ಕೇಳಿದಳು. ಅವ್ವ ಸಾಬೂನಿನ ನೀರು ಹಚ್ಚಿ ಮಧ್ಯಾಹ್ನವೆಲ್ಲ ಕೂತು ಹತ್ತರಲ್ಲಿ ಎಂಟನ್ನು ಇಡಿಯಾಗಿ ತೆಗೆದಳು. ಬೋಳು ಕೈ ಒಂದು ಗಳಿಗೆಯೂ ಇರಬಾರದೆಂದು ಮುದುಕಿಗೆ ಅಂಜಿಕೆ. ನಾನು ಎರಡು-ಎಂಟರ ಬಳೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆದರೆ ಅವಳೇ ನನಗೆ ತಡೆ ಎಂದು ಸನ್ನೆ ಮಾಡಿ, ತನ್ನ ಮುಂಗೈಯನ್ನು ಇನ್ನೊಂದು ಕೈಯಿಂದ ಬಹಳ ಹೊತ್ತು ತಿಕ್ಕಿಕೊಳ್ಳುತ್ತ ಕೂತಳು. ವೀರಭದ್ರಪ್ಪ ಇನ್ನೂ ಗಾದಿ ಸುತ್ತಿಲ್ಲ. ದಿನಕ್ಕೊಮ್ಮೆ ಬಂದು, ಅವ್ವ ಮಾತಾಡುವುದನ್ನು ಕೇಳಿ, ಕೆಮ್ಮಿ ಹೋಗುತ್ತಾನೆ.

ಇವೆಲ್ಲ ಆಮೇಲಿನ ಮಾತು. ಆ ಐದನೆಯ ದಿನ, ದಾಕ್ಷಾಣಿಯ ಕಡೆಯವರು ಹೋದ ಮೇಲೆ ಮತ್ತೆ ಯಾರೂ ಬರಲಿಲ್ಲ. ಸಂಜೆ ನಾನು ಪೆಟ್ಟಿಗೆ ಎತ್ತಿಡುತ್ತಿದ್ದೆ, ಅವ್ವ ಚಾಪೆ ಝಾಡಿಸಿ ಗಾಜಿನ ಚೂರು ಗುಡಿಸುತ್ತಿದ್ದಳು. ಬೆಳಿಗ್ಗೆಯಿಂದ ಅವಳು ಹೆಚ್ಚು ಮಾತಾಡಿರಲಿಲ್ಲ. ಗುಡಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಕಸ್ತೂರಿ, ನನ್ನ ದನಿ ಹೆಂಗೈತಿ?”

ಸುಳ್ಳು ಹೇಳಬಹುದಿತ್ತು. ಅಷ್ಟು ವರ್ಷದ ಮೇಲೆ ಬಂದ ದನಿಗೆ ಒಂದು ಒಳ್ಳೆಯ ಮಾತು ಹೇಳಿದರೆ ಏನು ಹೋಗುತ್ತಿತ್ತು? ಆದರೆ ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದಳು.

“ಖರೇ ಹೇಳ್ಲ್ಯಾ?”

“ಖರೇನ ಹೇಳು.”

“ಒಡಕೈತವ್ವಾ. ಮೂಗಿನ್ಯಾಗಿಂದ ಬರ್ತೈತಿ. ಜೋರ ಮಾತಾಡಿದ್ರ ನಡುವ ಚೀರಿದಂಗ ಆಗ್ತೈತಿ.”

ಅವ್ವ ಕಸಬರಿಗೆ ಹಿಡಿದುಕೊಂಡೇ ನಿಂತಳು. ನಾನು ಹೇಳಿದ ಒಂದೊಂದನ್ನೂ ಒಳಗೆ ಯಾವುದಕ್ಕೋ ತಾಳೆ ಹಾಕಿ ನೋಡುತ್ತಿರುವಂತೆ ಅವಳ ತುಟಿ ಅಲ್ಲಾಡಿತು. ಕಣ್ಣು ತುಂಬಿ ಬಂದವು.

“ಒಡಕ ಬಾಯಿ ಅಂತ ನಮ್ಮವ್ವ ದಿನಾ ಬೈತಿದ್ಲು,” ಅಂದಳು. “ಹಂಗಾರ ಇದು ನಂದ ಐತಿ, ಕಸ್ತೂರಿ. ನಂದ ಐತಿ.”